ಹುತ್ತದ ಅಣಬೆ: ಬುಡ ನೋಡಿ ಬುಟ್ಟಿಗೆ ಹಾಕಿ



ಮುಂಗಾರು ಹಿಡಿದು ನಾಲ್ಕು ದಿನ ಗುಡುಗು ಮಳೆಯಾದರೆ ಸಾಕು, ಮಲೆನಾಡಿನಲ್ಲಿ ಮಕ್ಕಳು ಬುಟ್ಟಿ ಹಿಡಿದು ಕಾಡಿಗೆ ಓಡುತ್ತಾರೆ. ಅಣಬೆ ಸಾರಿನ ರುಚಿಯನ್ನು ನಾನು ಹೇಳಬೇಕಾದ್ದಿಲ್ಲ. ಆದರೆ ಅದರ ಜೊತೆ ವಿಷದ ಅಣಬೆ ಒಂದು ಸೇರಿದರೂ ಮನೆಮಂದಿಯ ಜೀವಕ್ಕೆ ಅಪಾಯ.

ಹುತ್ತಕ್ಕೂ ಅಣಬೆಗೂ ಏನು ನಂಟು ಅಂತೀರಾ? ಗೆದ್ದಲೂ ಒಂದು ತೆರನ ಬೇಸಾಯಗಾರನೇ. ತರಗೆಲೆ, ಒಣ ಕಟ್ಟಿಗೆಯನ್ನು ಅಗಿದು ತಂದು, ನೆಲದೊಳಗೆ ಜೇನುಹುಟ್ಟಿನಂಥ ಗೂಡು ಕಟ್ಟಿ, ಅದರಲ್ಲಿ ಬೂಷ್ಟು ಬೆಳೆಸುತ್ತದೆ. ಬೂಷ್ಟು ಆ ಗಟ್ಟಿ ನಾರನ್ನು ಮೆದುಮಾಡುತ್ತದೆ. ಗೆದ್ದಲು ಅದನ್ನು ತಿಂದು ಬದುಕುತ್ತದೆ. ಮಳೆ ಬಿದ್ದಾಗ ಅದೇ ಬೂಷ್ಟು ಮಣ್ಣು ಸೀಳಿಕೊಂಡು ಕೊಡೆಯಾಗಿ ಮೇಲೆ ಬರುತ್ತದೆ. ಭತ್ತದ ಹುಲ್ಲಿನಲ್ಲಿ ಬೆಳೆಯುವ ಅಣಬೆಯಂತೆ ಇದನ್ನು ಮನೆಯಲ್ಲಿ ಬೆಳೆಸಲಾಗದು, ಗೆದ್ದಲೇ ಬೇಕು!

ಆದ್ದರಿಂದ ಇದರ ಮುಖ್ಯ ಗುರುತು ಮಣ್ಣಿನೊಳಗಿದೆ. ಕೊಡೆ ಹಿಡಿದು ಕೀಳಬೇಡಿ. ಕೋಲಿನಿಂದ ಸುತ್ತಲ ಮಣ್ಣು ಬಿಡಿಸಿ. ಬುಡ ಬೇರಿನಂತೆ ಸಪೂರವಾಗಿ ಆಳಕ್ಕೆ ಇಳಿದಿರಬೇಕು. ಅಷ್ಟು ಕಂಡರೆ ಸಾಕು, ಗೂಡಿನವರೆಗೆ ಅಗೆದು ಕೆಡಿಸಬೇಡಿ. ಕೊಡೆಯ ನಡುನೆತ್ತಿ ಬುಗುರಿಯ ತುದಿಯಂತೆ ಚೂಪು. ಅಡಿಯ ನೆರಿಗೆಗಳು ಮೊದಲು ಬಿಳಿ, ಬಲಿತಂತೆ ನಸುಗೆಂಪು. ಈ ಎಲ್ಲ ಗುರುತುಗಳೂ ಕೂಡಿ ಬರಬೇಕು. ಒಂದನ್ನೇ ನಂಬಿದರೆ ಮೋಸ.

ವಿಷದ ಅಣಬೆಗಳಲ್ಲಿ ಅತಿ ಕೆಟ್ಟದ್ದಕ್ಕೆ ಬುಡದಲ್ಲಿ ಒಡೆದ ಮೊಟ್ಟೆಯ ಸಿಪ್ಪೆಯಂಥ ಚೀಲ, ದಂಟಿಗೆ ಬಳೆಯಂಥ ಪಟ್ಟಿ, ಬಲಿತರೂ ಬಿಳಿಯಾಗಿಯೇ ಉಳಿಯುವ ನೆರಿಗೆ. ಕಿತ್ತರೆ ಚೀಲ ಮಣ್ಣಲ್ಲೇ ಉಳಿದುಬಿಡುತ್ತದೆ, ಬುಟ್ಟಿಗೆ ಬಿದ್ದದ್ದು ಒಳ್ಳೆಯ ಅಣಬೆಯಂತೆಯೇ ಕಾಣುತ್ತದೆ. ಹುಲ್ಲುಗಾವಲಿನಲ್ಲಿ ಏಳುವ ಇನ್ನೊಂದು ದೊಡ್ಡ ಬಿಳಿ ಕೊಡೆಯಿದೆ. ಬಲಿತಾಗ ಅದರ ನೆರಿಗೆ ಹಸಿರಾಗುತ್ತದೆ. ತಿಂದ ಒಂದೆರಡು ಗಂಟೆಯಲ್ಲೇ ವಾಂತಿಭೇದಿ. ಎಳೆಯದರಲ್ಲಿ ಈ ಹಸಿರು ಕಾಣದು. ಮೊಗ್ಗನ್ನು ಮುಟ್ಟದಿರುವುದೇ ಲೇಸು.

ಬೆಳ್ಳಿ ನಾಣ್ಯ ಹಾಕಿ ಬೇಯಿಸಿದರೆ ವಿಷ ತಿಳಿಯುತ್ತೆ, ಹುಳು ತಿಂದದ್ದು ಒಳ್ಳೆಯದು, ಹೀಗೆಲ್ಲಾ ಹೇಳುವವರಿದ್ದಾರೆ. ಇವು ಸುಳ್ಳು. ಚೀಲದ ಅಣಬೆಯ ವಿಷ ಬೇಯಿಸಿದರೂ ಹೋಗದು, ನಾಣ್ಯವನ್ನು ಕಪ್ಪು ಮಾಡದು. ಅದನ್ನು ತಿಂದವರಿಗೆ 6 ಗಂಟೆಯಾದ ಮೇಲೆ, ಕೆಲವೊಮ್ಮೆ ಮಾರನೆಯ ದಿನ, ವಾಂತಿ ಶುರುವಾಗುತ್ತದೆ. ಬಳಿಕ ವಾಸಿಯಾದಂತೆ ತೋರುತ್ತದೆ, ಆಗಲೇ ಒಳಗೆ ಪಿತ್ತಜನಕಾಂಗ ಕೆಡುತ್ತಿರುತ್ತದೆ. ಸುಧಾರಿಸಿತು ಅಂತ ಮನೆಯಲ್ಲಿ ಕೂರಬೇಡಿ. ಉಂಡವರನ್ನೆಲ್ಲ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಅಣಬೆ, ಇಲ್ಲವೇ ಹೆಚ್ಚಿ ಬಿಸಾಡಿದ ಚೂರುಗಳನ್ನಾದರೂ ಕಾಗದದಲ್ಲಿ ಸುತ್ತಿ ವೈದ್ಯರಿಗೆ ತೋರಿಸಿರಿ.