ಗುಟ್ಟಾಗಿ ಹುಟ್ಟಿದ ಗಣಿತಚಿತ್ರ

ಕಪ್ಪು ಹಲಗೆಯ ಮೇಲೆ ಸರಳರೇಖೆಯನ್ನೋ ಪರವಲಯವನ್ನೋ ಬರೆದು ತೋರಿಸುವುದು ಗಣಿತದ ಉಪಾಧ್ಯಾಯರಿಗೆ ಕಷ್ಟವಲ್ಲ. ಆದರೆ ಸಮೀಕರಣದಲ್ಲಿ ಉದ್ದ ಅಗಲಗಳ ಜೊತೆಗೆ ಎತ್ತರವೂ ಸೇರಿತೆಂದರೆ ಸೀಮೆಸುಣ್ಣ ಸೋಲುತ್ತದೆ. ಎಕ್ಸ್‌ನ ವರ್ಗದಿಂದ ವೈನ ವರ್ಗವನ್ನು ಕಳೆದು, ಬಂದ ಬೆಲೆಯಷ್ಟು ಎತ್ತರದಲ್ಲಿ ಒಂದೊಂದು ಬಿಂದುವನ್ನು ಇಡುತ್ತ ಹೋದರೆ ಕುದುರೆಯ ಜೀನಿನಂತಹ ಮೇಲ್ಮೈಯೊಂದು ಮೂಡುತ್ತದೆ: ಒಂದು ದಿಕ್ಕಿನಲ್ಲಿ ತಗ್ಗು, ಅದಕ್ಕೆ ಅಡ್ಡಲಾಗಿ ದಿಬ್ಬ. ಮಾತಿನಲ್ಲಿ ಹೇಳಿದರೆ ವಿದ್ಯಾರ್ಥಿ ತಲೆದೂಗುತ್ತಾನೆ; ಕಣ್ಣಿಗೆ ಕಂಡಾಗ ಮಾತ್ರ ಅವನಿಗೆ ಅರ್ಥವಾಗುತ್ತದೆ.

ಇಂತಹ ಚಿತ್ರಗಳನ್ನು ಶಾಲೆಯ ಮಕ್ಕಳಿಗೆ ಕಾಣಿಸಬೇಕೆಂಬ ಹಂಬಲ ಅಮೆರಿಕದ ರಾನ್ ಅವಿಟ್ಸರ್ ಎಂಬ ತರುಣನದು. ಆತ ಕ್ಯಾಲಿಫೋರ್ನಿಯದ ಆಪಲ್ ಕಂಪನಿಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ. 1993ರ ಆಗಸ್ಟಿನಲ್ಲಿ ಆ ಯೋಜನೆಯೇ ರದ್ದಾಯಿತು. ಆದರೆ ಆತನ ಗುರುತಿನ ಬಿಲ್ಲೆಗೆ ಕಚೇರಿಯ ಬಾಗಿಲು ಇನ್ನೂ ತೆರೆಯುತ್ತಿತ್ತು! ಸರ್ಕಾರಿ ಶಾಲೆಗಳು ತಂತ್ರಾಂಶಕ್ಕೆ ಹಣ ತೆರಲಾರವು. ಕಾರ್ಖಾನೆಯಲ್ಲೇ ಅದನ್ನು ಗಣಕದೊಳಗೆ ಸೇರಿಸಿ ಕಳುಹಿಸುವುದೇ ದಾರಿ ಎಂದು ಆತ ಬಗೆದ. ಗುತ್ತಿಗೆ ಮುಗಿದಿದ್ದ ಗೆಳೆಯ ಗ್ರೆಗ್ ರಾಬಿನ್ಸ್ ಕೂಡ ಜೊತೆಗೂಡಿದ. ಸಂಬಳವಿಲ್ಲದೆ ಇಬ್ಬರೂ ದಿನಕ್ಕೆ 12 ಗಂಟೆ, ವಾರದ 7 ದಿನವೂ ದುಡಿದರು.

ಸೆಪ್ಟೆಂಬರಿನಲ್ಲಿ ಗುಟ್ಟು ಬಯಲಾಗಿ ಬಿಲ್ಲೆಗಳು ರದ್ದಾದವು. ಅದೇ ವೇಳೆಗೆ ಕಂಪನಿ ನೌಕರರನ್ನು ಕಡಿಮೆ ಮಾಡತೊಡಗಿತು. ಪಟ್ಟಿಯಲ್ಲಿ ಹೆಸರೇ ಇಲ್ಲದವರನ್ನು ತೆಗೆಯುವುದಾದರೂ ಹೇಗೆ? ಒಳಗೆ ಹೋಗುವ ನೌಕರರ ಬೆನ್ನ ಹಿಂದೆಯೇ ನುಸುಳಿ, ಖಾಲಿಯಾದ ಕೊಠಡಿಗಳಲ್ಲಿ ಗೆಳೆಯರು ಕೆಲಸ ಮುಂದುವರಿಸಿದರು. ಆಗ ಸಿದ್ಧವಾಗುತ್ತಿದ್ದ ಪವರ್‌ಪಿಸಿ ಗಣಕದ ವೇಗ ಅವರಿಗೆ ಒದಗಿಬಂತು: ಬಿಂದುಬಿಂದುವಿನ ಎತ್ತರವನ್ನು ಲೆಕ್ಕಹಾಕಿ, ಬಲೆಯಂತೆ ಹೆಣೆದು, ನೆರಳು ಬೆಳಕು ಕೊಟ್ಟು ತೋರಿಸುವ ಶಕ್ತಿ ಅದಕ್ಕಿತ್ತು. ಅಲ್ಲಿನ ಎಂಜಿನಿಯರುಗಳೂ ನೆರವಾದರು.

ಅಕ್ಟೋಬರಿನಲ್ಲಿ ಮೇಲಧಿಕಾರಿಗಳ ಮುಂದೆ 20 ನಿಮಿಷಗಳ ಪ್ರದರ್ಶನ ನಡೆಯಿತು. ಎಲ್ಲರೂ ಬೆರಗಾದರು. ನೀವು ಯಾವ ವಿಭಾಗದವರೆಂಬ ಪ್ರಶ್ನೆ ಬಂತು. ತಾವು ಕದ್ದು ಒಳಬರುವವರೆಂದೂ, ಇಂತಹ ಯೋಜನೆಯೇ ಇಲ್ಲವೆಂದೂ ಅವಿಟ್ಸರ್ ಉತ್ತರಿಸಿದಾಗ ಅಧಿಕಾರಿಗಳು ನಕ್ಕರು; ಅದು ನಿಜವೆಂದು ತಿಳಿದೊಡನೆ ನಗೆ ನಿಂತಿತು. ಆದರೆ ದೊರೆತದ್ದು ಶಿಕ್ಷೆಯಲ್ಲ, ಬೆಂಬಲ.

1994ರ ಮಾರ್ಚಿನಲ್ಲಿ ಪವರ್ ಮ್ಯಾಕಿಂಟಾಷ್ ಗಣಕಗಳು ಹೊರಬಂದಾಗ ‘ಗ್ರಾಫಿಂಗ್ ಕ್ಯಾಲ್ಕುಲೇಟರ್’ ಅವುಗಳೊಳಗೇ ಇತ್ತು. ಅದಕ್ಕೆ ಬೇರೆ ಬೆಲೆಯಿರಲಿಲ್ಲ. ಸಮೀಕರಣವನ್ನು ಪಠ್ಯಪುಸ್ತಕದಲ್ಲಿರುವಂತೆಯೇ ಬರೆದರೆ ಸಾಕು, ಸೀಮೆಸುಣ್ಣಕ್ಕೆ ಒಲಿಯದ ಆ ಜೀನು ಪರದೆಯ ಮೇಲೆ ಮೂಡಿ, ವಿದ್ಯಾರ್ಥಿಯ ಕೈ ಆಡಿದತ್ತ ಬೊಂಬೆಯಂತೆ ತಿರುಗುತ್ತಿತ್ತು.