ಹೃದಯದೊಳಗೆ ತಂತಿ ಮುರಿದರೆ ರೋಗಿಗೆ ಹೇಳೋರ್ಯಾರು?

ಥ್ರೆಡ್ ಹೊಡೆಯುವಾಗ ಟ್ಯಾಪ್ ಜಾಬ್‌ನೊಳಗೇ ಮುರಿದರೆ ಏನ್ಮಾಡ್ತೀರಿ ಅಂತ ಲಕಮನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಯಾವ ವರ್ಕ್‌ಶಾಪಿನಲ್ಲಾದರೂ ಕೇಳಿ. ಮೊದಲು ಮಷಿನ್ ನಿಲ್ಲಿಸ್ತೀವ್ರೀ ಅಂತಾರೆ. ಆಂಜಿಯೋಪ್ಲಾಸ್ಟಿ ಮಾಡುವ ಡಾಕ್ಟರಿಗೆ ಆ ಅನುಕೂಲ ಇಲ್ಲ. ಅಲ್ಲಿ ಮಷಿನ್ ಅಂದ್ರೆ ಬಡಿಯುತ್ತಿರುವ ಹೃದಯ.

ಬಲೂನು, ಸ್ಟೆಂಟು ಎರಡೂ ಸಾಗೋದು ಗೈಡ್ ವೈರ್ ಎಂಬ ಹಳಿಯ ಮೇಲೆ. ಅದರ ದಪ್ಪ 0.014 ಇಂಚು, ಅಂದರೆ ಸುಮಾರು 0.36 ಮಿಲಿಮೀಟರ್. ಒಳಗೆ ಸ್ಟೀಲ್ ಅಥವಾ ನಿಟಿನಾಲ್ ಎಳೆ, ತುದಿಯಲ್ಲಿ ಸೂಕ್ಷ್ಮ ತಂತಿಯ ಸುರುಳಿ. ತುದಿ ಮೆತ್ತಗಿರದಿದ್ದರೆ ರಕ್ತನಾಳ ತೂತಾಗುತ್ತೆ. ಆದರೆ ಸುಲಭವಾಗಿ ಕಿತ್ತುಬರೋದೂ ಆ ಮೆತ್ತಗಿನ ಭಾಗವೇ. ಸುಣ್ಣಗಟ್ಟಿದ ನಾಳದಲ್ಲಿ ತುದಿ ಸಿಕ್ಕಿಕೊಂಡಾಗ ಒಂದೇ ದಿಕ್ಕಿಗೆ ತಿರುಚುತ್ತಾ ಹೋದರೆ, ಅಥವಾ ಸ್ಟೆಂಟ್ ಮತ್ತು ನಾಳದ ಗೋಡೆ ನಡುವೆ ಸಿಕ್ಕ ವೈರನ್ನು ಜೋರಾಗಿ ಎಳೆದರೆ ಮುರಿಯುತ್ತೆ. ಇದು ಅಪರೂಪ, ಸಾವಿರಕ್ಕೆ ಒಂದೆರಡು ಅಂತ ವೈದ್ಯಕೀಯ ಲೆಕ್ಕ.

ಸಿಕ್ಕಿಕೊಂಡಾಗ ಮೊದಲ ನಿಯಮ: ಎಳೀಬೇಡಿ. ವೈರ್ ಮೇಲೆಯೇ ಮೈಕ್ರೋಕ್ಯಾಥೆಟರ್ ಅಥವಾ ಸಣ್ಣ ಬಲೂನನ್ನು ಸಿಕ್ಕ ಜಾಗದ ತನಕ ಒಯ್ದು, ಅಲ್ಲಿಂದ ನಿಧಾನಕ್ಕೆ ಬಿಡಿಸಬೇಕು. ಮುರಿದೇಹೋದರೆ ಸ್ನೇರ್ ಎಂಬ ಕುಣಿಕೆ ಹಾಕಿ ಹಿಡೀತಾರೆ. ಇಲ್ಲಾ, ಇನ್ನೆರಡು ವೈರ್ ಕಳಿಸಿ ತುಂಡಿನ ಸುತ್ತ ಹೊಸೆದು ಹೊರಗೆಳೀತಾರೆ, ಹತ್ತಿಗೆ ಬತ್ತಿ ಹೊಸೆದ ಹಾಗೆ. ತುಂಡಿನ ಬಾಲ ಮಹಾಪಧಮನಿಗೆ ಜೋತುಬಿದ್ದಿದ್ದರೆ ಹೆಪ್ಪುಗಟ್ಟಿದ ರಕ್ತ ಮಿದುಳಿಗೂ ಹೋಗಬಹುದು. ಬೇರೆ ದಾರಿ ಕಾಣದಿದ್ದರೆ ಎದೆ ತೆರೆಯೋದೇ. ಕೊನೆಯ ಸಣ್ಣ ಕವಲಿನಲ್ಲಿ ಚೂರು ಉಳಿದರೆ ಹಾಗೇ ಬಿಡೋದು, ಅಥವಾ ಸ್ಟೆಂಟ್ ಹಾಕಿ ಗೋಡೆಗೆ ಒತ್ತಿಡೋದು ಎಷ್ಟೋ ಸಲ ಸುರಕ್ಷಿತ. ಹಾಗೆ ಬಿಟ್ಟಿದ್ದೇ ನಿರ್ಲಕ್ಷ್ಯ ಅಲ್ಲ. ಬಿಟ್ಟು ಹೇಳದೇ ಇರೋದು ನಿರ್ಲಕ್ಷ್ಯ.

2017ರ ಫೆಬ್ರವರಿಯಲ್ಲಿ ಸ್ಟೆಂಟ್ ಬೆಲೆಗೆ ಮಿತಿ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ಗೈಡ್ ವೈರ್ ಆ ಪಟ್ಟಿಯಲ್ಲಿ ಇರಲಿಲ್ಲ. ಒಮ್ಮೆ ಮಾತ್ರ ಬಳಸಿ ಅಂತ ಲೇಬಲ್ ಇರುವ ಸಾಧನಗಳನ್ನು ತೊಳೆದು ಮತ್ತೆ ಬಳಸುವ ರೂಢಿ ದೇಶದಲ್ಲಿ ಹೊಸದೇನಲ್ಲ. ಪದೇಪದೇ ಬಗ್ಗಿದ ಲೋಹ ದಣಿಯುತ್ತೆ ಅನ್ನೋದನ್ನು ಮೆಕ್ಯಾನಿಕಲ್ ಓದಿದೋರಿಗೆ ಹೇಳಬೇಕಾಗಿಲ್ಲ. ಇಂಥ ಅವಘಡಗಳನ್ನು ದಾಖಲಿಸಲು 2015ರ ಜುಲೈಯಿಂದ ಮಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ, ಗಾಜಿಯಾಬಾದಿನಿಂದ ನಡೆಯುತ್ತೆ. ಆದರೆ ಆಸ್ಪತ್ರೆ ತಾನಾಗೇ ವರದಿ ಮಾಡದಿದ್ದರೆ ಅಲ್ಲಿಗೆ ಸುದ್ದಿ ಮುಟ್ಟೋದು ಹೇಗೆ?

ಮನೆಯಲ್ಲಿ ಯಾರಿಗಾದರೂ ಇಂಥದ್ದಾಗಿದ್ದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಚೂರು ಎಲ್ಲಿದೆ, ಎಷ್ಟುದ್ದ, ಯಾವ ಕಂಪನಿಯದು ಅಂತ ಬರೆಸಿಕೊಳ್ಳಿ. ರಕ್ತ ಹೆಪ್ಪುಗಟ್ಟದ ಮಾತ್ರೆ ಎಷ್ಟು ದಿನ ಅಂತ ಕೇಳಿ. ಮುಂದೆ ಎಂಆರ್‌ಐ ಮಾಡಿಸುವಾಗ ಮೊದಲು ತೋರಿಸಬೇಕಾದದ್ದು ಆ ಹಾಳೆ.