ಒಂದು ಹಾಡು, ಮೂರು ಬೀಗ

ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳನ್ನು ಯಾರು ಬೇಕಾದರೂ ಹಾಡಬಹುದು, ಅಚ್ಚು ಹಾಕಿಸಬಹುದು, ಯಾರ ಅಪ್ಪಣೆಯೂ ಬೇಡ. ಆದರೆ ಅದೇ ಪದವನ್ನು ಸಿ. ಅಶ್ವತ್ಥ್ ಹಾಡಿರುವ ಎಂಪಿ3 ಫೈಲನ್ನು ನೀವು ವಾಟ್ಸಾಪ್ ಗುಂಪಿಗೆ ಹಾಕಿದರೆ ಕಾನೂನಿನ ಲೆಕ್ಕದಲ್ಲಿ ತಪ್ಪು ಮಾಡಿದಂತೆ.

ನಾವು ಒಂದೇ ಅಂದುಕೊಳ್ಳುವ ಹಾಡನ್ನು 1957ರ ಕೃತಿಸ್ವಾಮ್ಯ ಕಾಯ್ದೆ ಮೂರಾಗಿ ನೋಡುತ್ತದೆ: ಸಾಹಿತ್ಯ, ರಾಗ ಸಂಯೋಜನೆ, ಧ್ವನಿಮುದ್ರಣ. ಮೊದಲ ಎರಡರ ಹಕ್ಕು ಬರೆದವರು, ಸಂಯೋಜಿಸಿದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಧ್ವನಿಮುದ್ರಣಕ್ಕೆ ಅದು ಬಿಡುಗಡೆಯಾದಾಗಿನಿಂದ 60 ವರ್ಷ. ಶರೀಫರ ಬೀಗ ಎಂದೋ ಬಿದ್ದುಹೋಗಿದೆ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ, ಹಾಗಾಗಿ ಅವರು ಹಾಕಿದ ರಾಗದ ಬೀಗ 2069ರ ಕೊನೆಯವರೆಗೂ ಗಟ್ಟಿ. ಮೂರನೆಯ ಬೀಗದ ಕೈ ಸಾಮಾನ್ಯವಾಗಿ ಕ್ಯಾಸೆಟ್ ಕಂಪನಿಯ ಹತ್ತಿರ ಇರುತ್ತದೆ.

ಹಾಗಾದರೆ ಫೈಲು ಕಳಿಸುವುದು ಕಳ್ಳತನವೇ? ಉದ್ಯಮದವರು ಹಾಗೇ ಕರೆಯುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟು 1985ರಲ್ಲೇ ಈ ಮಾತನ್ನು ತೂಗಿ ನೋಡಿತ್ತು. ಎಲ್ವಿಸ್ ಪ್ರೀಸ್ಲಿ ಹಾಡುಗಳ ನಕಲಿ ರೆಕಾರ್ಡು ಮಾರುತ್ತಿದ್ದವನ ಮೇಲಿನ ಡೌಲಿಂಗ್ ಪ್ರಕರಣ ಅದು. ನಕಲು ಮಾಡುವುದು ಹಕ್ಕಿನ ಉಲ್ಲಂಘನೆ ನಿಜ, ಆದರೆ ಆ ರೆಕಾರ್ಡುಗಳು 'ಕದ್ದ ಮಾಲು' ಅಲ್ಲ ಎಂದಿತು ಕೋರ್ಟು. ನನ್ನ ಸೈಕಲ್ ಕದ್ದರೆ ನನಗೆ ಸೈಕಲ್ ಇಲ್ಲ. ಹಾಡು ನಕಲಾದರೆ ಹಾಡು ಇಬ್ಬರ ಹತ್ತಿರವೂ ಇದೆ. ಕೈತಪ್ಪಿದ್ದು ಬರಬೇಕಾಗಿದ್ದ ದುಡ್ಡು, ಅದೂ ನಕಲು ಸಿಗದಿದ್ದರೆ ಆತ ಕೊಳ್ಳುತ್ತಿದ್ದ ಎಂದಾದರೆ ಮಾತ್ರ.

1999ರಲ್ಲಿ ಹಾಡು ಹಂಚಿಕೊಳ್ಳುವ ಜಾಲ ನ್ಯಾಪ್‌ಸ್ಟರ್ ಬಂದಾಗ ಅದನ್ನು ಕಟ್ಟಿದ ಶಾನ್ ಫ್ಯಾನಿಂಗ್‌ಗೆ ಹದಿನೆಂಟು ವರ್ಷ. ಅದರ ಸರ್ವರಿನಲ್ಲಿ ಒಂದು ಹಾಡೂ ಇರಲಿಲ್ಲ. ಯಾರ ಕಂಪ್ಯೂಟರಿನಲ್ಲಿ ಯಾವ ಹಾಡಿದೆ ಎಂಬ ಪಟ್ಟಿಯಷ್ಟೇ ಅಲ್ಲಿತ್ತು, ಹಾಡು ನೇರವಾಗಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿತ್ತು. ಆ ಪಟ್ಟಿಯೇ ಅದಕ್ಕೆ ಮುಳುವಾಯಿತು. ಏನು ನಡೆಯುತ್ತಿದೆ ಎಂಬುದು ನಿಮಗೆ ಗೊತ್ತಿತ್ತು, ತಡೆಯುವ ಶಕ್ತಿಯೂ ಇತ್ತು ಎಂದು ಕೋರ್ಟು 2001ರಲ್ಲಿ ಹೇಳಿತು, ಅದೇ ವರ್ಷ ನ್ಯಾಪ್‌ಸ್ಟರ್ ಬಾಗಿಲು ಹಾಕಿತು. ಮುಂದೆ ಬಂದ ಜಾಲಗಳು ನಡುವಿನ ಪಟ್ಟಿಯನ್ನೇ ಕಿತ್ತು ಹಾಕಿದವು.

ಹಿಡಿಯಲು ಯಾರೂ ಸಿಗದಾದಾಗ ಕಂಪನಿಗಳು 2003ರಿಂದ ಕೇಳುಗರ ಮೇಲೇ ದಾವೆ ಹೂಡಿದವು. 24 ಹಾಡು ಹಂಚಿದ್ದಕ್ಕೆ ಮಿನೆಸೋಟದ ಒಬ್ಬ ಮಹಿಳೆಗೆ ಜ್ಯೂರಿ ಹಾಕಿದ ದಂಡ 2,22,000 ಡಾಲರ್. ಮರುವಿಚಾರಣೆಯಲ್ಲಿ ಅದು 19.2 ಲಕ್ಷಕ್ಕೆ ಏರಿ, 2012ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಮತ್ತೆ 2,22,000ಕ್ಕೇ ಬಂದು ನಿಂತಿತು. ಹಾಡೊಂದಕ್ಕೆ 9,250 ಡಾಲರ್. ಐಟ್ಯೂನ್ಸ್ ಅಂಗಡಿಯಲ್ಲಿ ಹಾಡೊಂದು 99 ಸೆಂಟಿಗೆ ಸಿಗುತ್ತಿದ್ದ ಕಾಲ ಅದು. ಇಂಥ ಲೆಕ್ಕ ನೋಡಿದ ಮೇಲೆ ಕೇಳುಗರಿಗೆ ನೀತಿಪಾಠ ಯಾವ ಬಾಯಲ್ಲಿ ಹೇಳುವುದು?

ನಮ್ಮಲ್ಲಿ ಹಾಡು ನಕಲಿಸುವ ಕೆಲಸ ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಲ್ಲಿ ನಡೆಯಿತು. ಮೆಮೊರಿ ಕಾರ್ಡ್ ಕೊಟ್ಟು "ರಾಜ್‌ಕುಮಾರ್ ಹಳೇವು ಎಲ್ಲಾ ಹಾಕ್ಬಿಡಿ" ಅಂದರೆ, ಚಹಾ ಕುಡಿದು ಬರುವಷ್ಟರಲ್ಲಿ ಕಾರ್ಡ್ ತುಂಬಿರುತ್ತಿತ್ತು. ಕರ್ನಾಟಕ ಆಡಿಯೊ, ವಿಡಿಯೊ ಪೈರಸಿ ದಂಧೆಯನ್ನೂ ಗೂಂಡಾ ಕಾಯ್ದೆಯೊಳಗೆ ಸೇರಿಸಿತು. ಆಸಿಡ್ ಎರಚುವವರ ಸಾಲಿನಲ್ಲೇ ಹಾಡು ತುಂಬಿ ಮಾರುವವರು! ಕಾಯ್ದೆ ಬರೆದವರಿಗೆ ಅಳತೆ ತಪ್ಪಿತು ಎಂದೇ ನನ್ನ ಎಣಿಕೆ.

ಆ ನಕಲಿನಿಂದ ಯಾರ ಜೇಬು ಹರಿಯಿತು ಎಂಬುದೇ ನಿಜವಾದ ಪ್ರಶ್ನೆ. ಬೇರೆ ಕರಾರಿಲ್ಲದಿದ್ದರೆ ಚಿತ್ರಗೀತೆಯ ಹಕ್ಕು ನಿರ್ಮಾಪಕರದ್ದು ಎಂದು ನಮ್ಮ ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತ್ತು. ಗೀತೆ ಬರೆದವರು ಒಮ್ಮೆ ಸಂಭಾವನೆ ಪಡೆದರೆ ಮುಗಿಯಿತು, ಆಮೇಲೆ ಕ್ಯಾಸೆಟ್ ಹತ್ತು ಖರ್ಚಾದರೇನು, ಹತ್ತು ಲಕ್ಷವಾದರೇನು. 2012ರ ತಿದ್ದುಪಡಿ ಇದನ್ನು ಬದಲಿಸಿತು. ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದೆಲ್ಲ ಬಳಕೆಯ ರಾಯಲ್ಟಿಯಲ್ಲಿ ಗೀತರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ಸಮಪಾಲು ಬಂತು. ಅದನ್ನು ಬಿಟ್ಟುಕೊಡುತ್ತೇನೆ ಎಂದು ಅವರಿಂದ ಬರೆಸಿಕೊಂಡರೂ ಆ ಕರಾರು ನಿಲ್ಲದು. ಹಾಗಾಗಿ ಹಿಂದೆ ಕಂಪನಿಗೆ ತಟ್ಟುತ್ತಿದ್ದ ಪೆಟ್ಟು ಈಗ ಕವಿಗೂ ತಟ್ಟುತ್ತದೆ.

ಸ್ಟ್ರೀಮಿಂಗ್‌ಗೆ ದುಡ್ಡು ಕಟ್ಟಿದವರ ಕೈ ಪೂರ್ತಿ ಶುದ್ಧವೇ? ಎಲ್ಲರ ಚಂದಾ ಒಂದೇ ಕೊಪ್ಪರಿಗೆಗೆ ಬೀಳುವುದೇ ಹೆಚ್ಚು ಕಡೆ ಇರುವ ಪದ್ಧತಿ. ಒಟ್ಟು ಆಲಿಕೆಯಲ್ಲಿ ಯಾರ ಪಾಲೆಷ್ಟೋ ಅವರಿಗೆ ಅಷ್ಟು. ತಿಂಗಳಿಡೀ ನೀವು ಒಬ್ಬ ಜನಪದ ಗಾಯಕನನ್ನೇ ಕೇಳಿದರೂ ನಿಮ್ಮ ದುಡ್ಡಿನ ಬಹುಪಾಲು ಊರೆಲ್ಲ ಕೇಳುವ ಹಾಡಿಗೆ ಹರಿಯುತ್ತದೆ. ಸ್ಪಾಟಿಫೈಯಂತೂ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲವೂ ಕೇಳಿಸದ ಹಾಡಿಗೆ ಏನನ್ನೂ ಕೊಡುವುದಿಲ್ಲ. ಅಂಥ ಗಾಯಕರ ಕಛೇರಿಗೆ ಟಿಕೆಟ್ ಕೊಂಡು ಹೋಗುವುದು, ಸಿ.ಡಿ.ಯನ್ನು ಅವರ ಕೈಯಿಂದಲೇ ಕೊಳ್ಳುವುದು ಹೆಚ್ಚು ನೇರ ದಾರಿ.

ಮನೆಯ ಅಟ್ಟದಲ್ಲಿ ಭಾವಗೀತೆಯ ಹಳೆಯ ಕ್ಯಾಸೆಟ್ ಇದೆಯೆನ್ನಿ. ಸ್ವಂತಕ್ಕೆ ಕೇಳಲು ಅದನ್ನು ಫೋನಿಗೆ ಇಳಿಸಿಕೊಂಡರೆ ಕಾಯ್ದೆಯ 52ನೇ ಸೆಕ್ಷನ್ ನಿಮ್ಮ ಬೆನ್ನಿಗಿದೆ. ಗುಂಪಿಗೆ ಹಾಕಿದರೆ ಇಲ್ಲ. ಹಾಡು ಅಧಿಕೃತವಾಗಿ ಎಲ್ಲಾದರೂ ಸಿಗುವುದಾದರೆ ಫೈಲು ಬಿಟ್ಟು ಅಲ್ಲಿಯ ಲಿಂಕ್ ಕಳಿಸಿ. ಎಲ್ಲೂ ಸಿಗದ, ಕಂಪನಿಯೇ ಮುಚ್ಚಿಹೋದ ಕ್ಯಾಸೆಟ್ಟಾದರೆ? ಕಾನೂನು ಆಗಲೂ ಬೇಡವೆನ್ನುತ್ತದೆ. ಆದರೆ ಅದನ್ನು ಹಂಚಿದವರನ್ನು ಕಳ್ಳರೆನ್ನಲು ನನಗೆ ಬಾಯಿ ಬರುವುದಿಲ್ಲ.